ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಏರುತ್ತದೆ, ಹೀಟರ್ ಮಾತ್ರ ತಣ್ಣಗೆ: ಕೂಲಂಟ್ ಎಲ್ಲಿ ಹೋಗುತ್ತಿದೆ?

ಪ್ರಶ್ನೆ (ತೀರ್ಥಹಳ್ಳಿಯಿಂದ)

ನಮಸ್ಕಾರ. ನಮ್ಮ ಮನೆಯ ಹಳೆಯ ಡೀಸೆಲ್ ಕಾರು ಊರೊಳಗೆ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಆದರೆ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ, ಎರಡನೇ ಗೇರಿನಲ್ಲಿ ತಿರುವುಗಳನ್ನು ದಾಟುತ್ತಿದ್ದಂತೆ ಟೆಂಪರೇಚರ್ ಮುಳ್ಳು ಅರ್ಧಕ್ಕಿಂತ ಮೇಲೇರುತ್ತದೆ. ಅದೇ ಹೊತ್ತಿಗೆ ಹೀಟರ್ ಹಾಕಿದರೆ ತಣ್ಣನೆಯ ಗಾಳಿ ಬರುತ್ತದೆ, ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು ಕೇಳಿಸುತ್ತದೆ. ಕೂಲಂಟ್ (ಎಂಜಿನ್ ತಣಿಸುವ ದ್ರವ) ಡಬ್ಬಿಯ ಮಟ್ಟ ಆಗಾಗ ಮಿನ್ ಗೆರೆಗಿಂತ ಕೆಳಗಿಳಿಯುತ್ತದೆಯಾದರೂ ಕಾರು ನಿಲ್ಲಿಸುವ ಜಾಗದಲ್ಲಿ ಹನಿ ಕಾಣುವುದಿಲ್ಲ. ಗ್ಯಾರೇಜಿನಲ್ಲಿ ಕೂಲಂಟ್ ದಾರಿಯಲ್ಲಿ ಸಿಕ್ಕ ಏರ್ ತೆಗೆಸಿದ ಮೇಲೆ ಸ್ವಲ್ಪ ದಿನ ಸರಿಯಿತ್ತು. ಈಗ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲು) ಹೋಗಿರಬೇಕು, ಎಂಜಿನ್ ಬಿಚ್ಚಬೇಕು ಎನ್ನುತ್ತಿದ್ದಾರೆ. ಅದಕ್ಕೆ ಮೊದಲು ನೋಡಬೇಕಾದದ್ದು ಏನಾದರೂ ಇದೆಯೇ?

ಉತ್ತರ 1 (ಶಿವಮೊಗ್ಗದಿಂದ)

ಗ್ಯಾಸ್ಕೆಟ್ ಮಾತಿಗೆ ಈಗಲೇ ಒಪ್ಪಬೇಡಿ. ಕೂಲಿಂಗ್ ವ್ಯವಸ್ಥೆಯೊಳಗೆ ಗಾಳಿ ತಾನಾಗಿ ಹುಟ್ಟುವುದಿಲ್ಲ. ಕೂಲಂಟ್ ಹೊರಹೋಗಿ ತೆರವಾದ ಜಾಗಕ್ಕೆ ಅದು ಸೇರಿಕೊಳ್ಳುತ್ತದೆ, ಇಲ್ಲವೇ ಸಿಲಿಂಡರಿನೊಳಗಿನ ಗ್ಯಾಸ್ ಕೆಟ್ಟ ಗ್ಯಾಸ್ಕೆಟ್ ಮೂಲಕ ನುಗ್ಗುತ್ತದೆ. ಸೋರಿಕೆಯನ್ನು ಹಿಡಿಯದೆ ಏರ್ ತೆಗೆಸಿದರೆ ಆ ರಿಪೇರಿ ಬಾಳುವುದಿಲ್ಲ. ಎಂಜಿನ್ ಕಾದಿದ್ದರೂ ಹೀಟರ್ ತಣ್ಣಗಿದೆಯೆಂದರೆ ಹೀಟರ್ ಕೋರಿಗೆ (ಡ್ಯಾಶ್‌ಬೋರ್ಡಿನ ಹಿಂದಿನ ಪುಟ್ಟ ರೇಡಿಯೇಟರಿಗೆ) ಕೂಲಂಟ್ ಸರಿಯಾಗಿ ತಲುಪುತ್ತಿರಲಿಕ್ಕಿಲ್ಲ. ಗುಳುಗುಳು ಸದ್ದೂ ಸೇರಿರುವುದರಿಂದ ಗಾಳಿ ಅಲ್ಲಿ ನಿಂತಿದೆ ಎನ್ನಬಹುದು.

ಮೊದಲು ಎಂಜಿನ್ ಪೂರ್ತಿ ತಣ್ಣಗಿರುವಾಗ ಪ್ರೆಷರ್ ಟೆಸ್ಟ್ ಮಾಡಿಸಿ. ಕೂಲಂಟ್ ತುಂಬುವ ಮುಚ್ಚಳದ ಜಾಗಕ್ಕೆ ಮೀಟರಿರುವ ಕೈಪಂಪು ಕೂರಿಸಿ, ಮುಚ್ಚಳದ ಮೇಲೆ ಅಚ್ಚಾಗಿರುವಷ್ಟೇ ಒತ್ತಡ ಕೊಟ್ಟು, ಕಾಲು ಗಂಟೆ ಮೀಟರಿನ ಮುಳ್ಳನ್ನು ಗಮನಿಸಬೇಕು. ಮುಳ್ಳು ಇಳಿದರೆ ಸೋರಿಕೆ ಇದೆ. ಬಿಸಿ ಎಂಜಿನ್ ಮೇಲೆ ಬಿದ್ದ ಹನಿ ಅಲ್ಲೇ ಆವಿಯಾಗುವುದರಿಂದ ನಿಮಗೆ ನೆಲದಲ್ಲಿ ಗುರುತು ಸಿಗದಿರಬಹುದು. ಹೋಸ್ ಕೂಡುವ ಕಡೆಗಳಲ್ಲಿ, ವಾಟರ್ ಪಂಪಿನ ಕೆಳಗಿರುವ ಸಣ್ಣ ರಂಧ್ರದ ಸುತ್ತ, ಒಣಗಿದ ಬಿಳಿಯ ಅಥವಾ ಕೂಲಂಟಿನದೇ ಬಣ್ಣದ ಹಕ್ಕಳೆಯನ್ನು ಟಾರ್ಚ್ ಹಿಡಿದು ಹುಡುಕಿ. ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಒದ್ದೆಯಾಗಿ ಸಿಹಿ ವಾಸನೆ ಬಂದರೆ ಹೀಟರ್ ಕೋರನ್ನೇ ಅನುಮಾನಿಸಬೇಕು.

ಮುಚ್ಚಳವನ್ನೂ ಪರೀಕ್ಷಿಸಿ. ಬರಿ ನೀರು 1 ಬಾರ್ ಹೆಚ್ಚುವರಿ ಒತ್ತಡದಲ್ಲಿ 100 ಡಿಗ್ರಿಯ ಬದಲು ಸುಮಾರು 120 ಡಿಗ್ರಿಗೆ ಕುದಿಯುತ್ತದೆ. ಒತ್ತಡ ಹಿಡಿಯದ ಮುಚ್ಚಳ ಈ ಅನುಕೂಲವನ್ನು ಕಳೆಯುತ್ತದೆ, ಅದು ಊರೊಳಗೆ ತಿಳಿಯದಿದ್ದರೂ ಘಾಟಿಯಲ್ಲಿ ತಿಳಿಯುತ್ತದೆ.

ಉತ್ತರ 2 (ಸಾಗರದಿಂದ)

ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಕೆಲವು ಸೋರಿಕೆಗಳು ತಣ್ಣಗಿರುವಾಗ ಮಾತ್ರ ತೆರೆದುಕೊಳ್ಳುತ್ತವೆ. ಚಳಿಗಾಲದ ಬೆಳಗಿನಲ್ಲಿ ರಬ್ಬರ್ ಕುಗ್ಗಿ ಗಟ್ಟಿಯಾದಾಗ ಸ್ಕ್ರೂ ಕ್ಲಿಪ್ಪಿನ ಹಿಡಿತ ಸಡಿಲಾಗುತ್ತದೆ, ಕಾದ ಮೇಲೆ ಹಿಗ್ಗಿ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಕಾರನ್ನು ರಾತ್ರಿ ಗ್ಯಾರೇಜಿನಲ್ಲೇ ಬಿಟ್ಟು, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಪ್ರೆಷರ್ ಟೆಸ್ಟಿನ ಕೈಪಂಪು ಕೂರಿಸಲು ಹೇಳಿ.

ಗ್ಯಾಸ್ಕೆಟ್ ಅನುಮಾನಕ್ಕೂ ಅದೇ ಹೊತ್ತು ಒಳ್ಳೆಯದು. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷದೊಳಗೆ, ಇನ್ನೂ ಕಾಯುವ ಮೊದಲೇ, ರೇಡಿಯೇಟರಿನ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಒಳಗೆ ಗ್ಯಾಸ್ ನುಗ್ಗುತ್ತಿರಬಹುದು. ಆಗ ನೀಲಿ ದ್ರವದ ಪರೀಕ್ಷೆ ಮಾಡಿಸಿ, ಅದರಲ್ಲಿ ಕೂಲಂಟ್ ಮೇಲಿನ ಗಾಳಿಯನ್ನು ಆ ದ್ರವದ ಮೂಲಕ ಹಾಯಿಸುತ್ತಾರೆ. ಗ್ಯಾಸ್ ಇದ್ದರೆ ದ್ರವದ ಬಣ್ಣ ಬದಲಾಗುತ್ತದೆ. ಆಯಿಲ್ ಮುಚ್ಚಳದೊಳಗೆ ಬಿಳಿ ಕೆನೆ ಕಂಡೊಡನೆ ಗ್ಯಾಸ್ಕೆಟ್ ಎನ್ನಬೇಡಿ, ನಮ್ಮ ಮಳೆಗಾಲದಲ್ಲಿ ಹತ್ತಿರದೂರಿಗೆ ಮಾತ್ರ ಓಡುವ ಕಾರುಗಳಲ್ಲಿ ತೇವದಿಂದಲೂ ಅದು ಕಟ್ಟುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಬೆಳಗಿನ ಪರೀಕ್ಷೆಯಲ್ಲಿ ಮುಳ್ಳು ನಿಧಾನವಾಗಿ ಇಳಿಯಿತು, ವಾಟರ್ ಪಂಪಿನ ರಂಧ್ರದ ಕೆಳಗೆ ಗುಲಾಬಿ ಬಣ್ಣದ ಗೆರೆ ಕಂಡಿತು. ಹೋಸ್ ಗಟ್ಟಿಯಾಗಲಿಲ್ಲ, ನೀಲಿ ದ್ರವವೂ ಬಣ್ಣ ಬದಲಿಸಲಿಲ್ಲ. ವಾಟರ್ ಪಂಪು ಬದಲಿಸಿದ ಮೇಲೆ ಏರ್ ತೆಗೆಯುವ ಸರಿಯಾದ ಕ್ರಮವನ್ನು ದಯವಿಟ್ಟು ತಿಳಿಸಿ.

ಉತ್ತರ 1 (ಶಿವಮೊಗ್ಗದಿಂದ)

ಕಾರಿನ ಮುಂಭಾಗ ಎತ್ತರದಲ್ಲಿರುವಂತೆ ಏರಿನಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ. ತಯಾರಕರು ಹೇಳಿದ ಕೂಲಂಟನ್ನು ಡಿಸ್ಟಿಲ್ಡ್ ವಾಟರಿನೊಂದಿಗೆ ಬೆರೆಸಿ ನಿಧಾನವಾಗಿ ಸುರಿಯಿರಿ, ಹಳ್ಳದ ನೀರು ಬೇಡ. ಬ್ಲೀಡ್ ಸ್ಕ್ರೂ (ಏರ್ ಹೊರಬಿಡುವ ಸ್ಕ್ರೂ) ಇದ್ದರೆ ಗುಳ್ಳೆಯಿಲ್ಲದ ಧಾರೆ ಬರುವವರೆಗೆ ಸಡಿಲಿಸಿಟ್ಟು, ನಂತರ ಬಿಗಿಯಿರಿ. ಆಮೇಲೆ ಥರ್ಮೋಸ್ಟಾಟ್ (ಕಾದಾಗ ರೇಡಿಯೇಟರಿಗೆ ಕೂಲಂಟ್ ಬಿಡುವ ವಾಲ್ವ್) ತೆರೆದು ಕೆಳಗಿನ ಹೋಸೂ ಬಿಸಿಯಾಗುವ ತನಕ ಎಂಜಿನ್ ಓಡಿಸಬೇಕು. ಅದಕ್ಕೆ ಮೊದಲು ಏರ್ ಹೋಯಿತೆಂದು ನಿರ್ಧರಿಸಬೇಡಿ. ಕಾದಿರುವಾಗ ಮುಚ್ಚಳ ತೆರೆಯುವುದು ಅಪಾಯ, ಕುದಿಯುವ ಕೂಲಂಟ್ ಮುಖಕ್ಕೆ ಚಿಮ್ಮುತ್ತದೆ. ತೆಗೆದ ಹಳೆಯ ಕೂಲಂಟನ್ನು ತೋಟಕ್ಕೆ ಸುರಿಯದೆ ಮುಚ್ಚಿದ ಡಬ್ಬಿಯಲ್ಲಿ ಗ್ಯಾರೇಜಿಗೆ ಕೊಡಿ. ಅದರ ಸಿಹಿಗೆ ನಾಯಿ, ದನ ಬಾಯಿಟ್ಟರೆ ಪ್ರಾಣಕ್ಕೇ ಕುತ್ತು. ಘಾಟಿ ಹತ್ತಿ ಬಂದ ಮರುದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ಮಟ್ಟ ನೋಡಿ ಇಲ್ಲಿ ಬರೆಯಿರಿ.