ಆಹಾರದ ಪೊಟ್ಟಣಕ್ಕೆ ಜೈವಿಕವಾಗಿ ಕೊಳೆಯುವ ವಸ್ತು: ನಾವು ಎಡವಿದ್ದೆಲ್ಲಿ?

ಪ್ರಶ್ನೆ – ಹೊಸ ಉದ್ಯಮಿ

ನಮಸ್ಕಾರ. ನಾವು ಚಿಕ್ಕ ಪ್ರಮಾಣದಲ್ಲಿ ಎರಡು ಬಗೆಯ ಆಹಾರ ತಯಾರಿಸುತ್ತೇವೆ: ಗರಿಗರಿಯಾಗಿ ಉಳಿಯಬೇಕಾದ ಒಣ ತಿನಿಸು ಮತ್ತು ಬಿಸಿಬಿಸಿಯಾಗಿ ತುಂಬಿಕೊಡುವ ಸೂಪು. ಪ್ಲಾಸ್ಟಿಕ್ ಬಿಡಬೇಕೆಂದು ನಿರ್ಧರಿಸಿ, ‘ಸಸ್ಯಮೂಲದ ಪಿಎಲ್‌ಎ, ಪೂರ್ತಿ ಕೊಳೆಯುತ್ತದೆ’ ಎಂದು ಅಚ್ಚಾಗಿದ್ದ ಪಾರದರ್ಶಕ ಲೋಟಗಳನ್ನೂ ಚೀಲಗಳನ್ನೂ ತರಿಸಿಕೊಂಡೆವು. ಸೂಪು ಸುರಿದೊಡನೆ ಲೋಟ ಸೊಟ್ಟಗಾಯಿತು; ಚೀಲದಲ್ಲಿಟ್ಟ ತಿನಿಸು ಎರಡು ವಾರದೊಳಗೆ ಮೆತ್ತಗಾಯಿತು. ಖಾಲಿ ಚೀಲವೊಂದನ್ನು ಹಿತ್ತಲಿನ ಗೊಬ್ಬರದ ಗುಂಡಿಯಲ್ಲಿ ಹೂತಿಟ್ಟು ಎಂಟು ತಿಂಗಳ ಬಳಿಕ ತೆಗೆದರೆ, ಅದರ ಮೇಲಿನ ಅಕ್ಷರಗಳನ್ನು ಇನ್ನೂ ಓದಬಹುದಾಗಿತ್ತು. ನಮಗೆ ಮೋಸವಾಗಿದೆಯೇ, ಅಥವಾ ನಾವೇ ತಪ್ಪು ತಿಳಿದೆವೇ?

ಉತ್ತರ – ಪಾಲಿಮರ್ ಓದುಗ

ಮೋಸವೆನ್ನಲಾರೆ, ಆದರೆ ಅರ್ಧ ಸತ್ಯವನ್ನಷ್ಟೇ ನಿಮಗೆ ಮಾರಿದ್ದಾರೆ. ಪಿಎಲ್‌ಎ ಎಂದರೆ ಪಾಲಿಲ್ಯಾಕ್ಟಿಕ್ ಆಮ್ಲ. ಮೆಕ್ಕೆಜೋಳದ ಪಿಷ್ಟ ಅಥವಾ ಕಬ್ಬಿನ ಸಕ್ಕರೆಯನ್ನು ಹುದುಗಿಸಿ ಪಡೆದ ಲ್ಯಾಕ್ಟಿಕ್ ಆಮ್ಲದಿಂದ ಇದನ್ನು ತಯಾರಿಸುತ್ತಾರೆ. ಸುಮಾರು 60 ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತಿದ್ದಂತೆ ಇದು ಬಿಗಿ ಕಳೆದುಕೊಂಡು ಮೆದುವಾಗುವುದರಿಂದ ನಿಮ್ಮ ಲೋಟ ಸೊಟ್ಟಗಾದದ್ದು ಸಹಜ. ಹೆಚ್ಚು ಸ್ಫಟಿಕೀಕರಿಸಿದ, ಅಂದರೆ ಅಣುಗಳು ಒತ್ತಾಗಿ ಕ್ರಮಬದ್ಧವಾಗಿ ಜೋಡಣೆಯಾದ, ಪಿಎಲ್‌ಎ ಇನ್ನಷ್ಟು ಬಿಸಿ ತಾಳುತ್ತದೆ, ಆದರೆ ಪಾರದರ್ಶಕತೆ ಹೋಗುತ್ತದೆ. ಕಾಗದದ ಲೋಟಕ್ಕೆ ಒಳಗಡೆ ಪಿಎಲ್‌ಎ ಲೇಪಿಸಿದರೂ ನಡೆಯುತ್ತದೆ, ಏಕೆಂದರೆ ಅಲ್ಲಿ ಆಕಾರವನ್ನು ಹಿಡಿದಿಡುವುದು ಕಾಗದ.

ತಿನಿಸು ಮೆತ್ತಗಾದದ್ದು ಬೇರೆಯೇ ಕಥೆ. ಪಾಲಿಥಿನ್ ನೀರಾವಿಯನ್ನು ತಡೆಯುವಷ್ಟು ಚೆನ್ನಾಗಿ ಪಿಎಲ್‌ಎ ತಡೆಯುವುದಿಲ್ಲ. ಪಿಷ್ಟ ಮತ್ತು ಪ್ರೋಟೀನ್‌ಗಳಿಂದ ಮಾಡಿದ ಹಾಳೆಗಳು ಒಣ ವಾತಾವರಣದಲ್ಲಿ ಆಮ್ಲಜನಕವನ್ನು ಚೆನ್ನಾಗಿಯೇ ತಡೆದರೂ ತೇವದ ಮುಂದೆ ಸೋಲುತ್ತವೆ. ಸೆಲ್ಯುಲೋಸ್‌ನಿಂದಾದ ಸೆಲೊಫೇನ್‌ಗೂ ಇದೇ ದೌರ್ಬಲ್ಯವಿತ್ತು. 1927ರಲ್ಲಿ ತೇವ ತಡೆಯುವ ಲೇಪನ ಸಿಕ್ಕ ಮೇಲೆಯೇ ಅದು ಆಹಾರದ ಪೊಟ್ಟಣವಾಗಿ ವ್ಯಾಪಕವಾಗಿ ಬಳಕೆಗೆ ಬಂದದ್ದು. ನಿಮ್ಮ ಒಣ ತಿನಿಸಿಗೆ ನಾನಾದರೆ ಲೇಪಿತ ಸೆಲ್ಯುಲೋಸ್ ಹಾಳೆಯನ್ನೇ ಮೊದಲು ಪರೀಕ್ಷಿಸುತ್ತೇನೆ, ಲೇಪನವೂ ಕೊಳೆಯುವಂಥದ್ದೇ ಎಂದು ಖಚಿತಪಡಿಸಿಕೊಂಡು.

ಉತ್ತರ – ಗೊಬ್ಬರದ ಗುಂಡಿ

ಹೂತಿಟ್ಟ ಚೀಲದ ಬಗ್ಗೆ ಹೇಳುತ್ತೇನೆ. ‘ಕೊಳೆಯುತ್ತದೆ’ ಎಂಬ ಮಾತಿಗೆ, ಎಲ್ಲಿ ಮತ್ತು ಎಷ್ಟು ದಿನದಲ್ಲಿ ಎಂದು ಹೇಳದಿದ್ದರೆ, ಬೆಲೆಯಿಲ್ಲ. ಯುರೋಪಿನ ಇಎನ್ 13432 ಮಾನದಂಡವು ಕೈಗಾರಿಕಾ ಕಾಂಪೋಸ್ಟ್ ಘಟಕದ ಸ್ಥಿತಿಯನ್ನು ಆಧರಿಸಿದೆ: ಅದರಂತೆ 12 ವಾರಗಳ ಬಳಿಕ ವಸ್ತುವಿನ ಶೇ. 10ಕ್ಕಿಂತ ಹೆಚ್ಚು ಭಾಗ 2 ಮಿಲಿಮೀಟರ್ ಜರಡಿಯ ಮೇಲೆ ಉಳಿಯಬಾರದು, ಮತ್ತು 6 ತಿಂಗಳೊಳಗೆ ಶೇ. 90ರಷ್ಟು ಜೈವಿಕ ವಿಘಟನೆ ಆಗಬೇಕು. ಪಿಎಲ್‌ಎಯ ಉದ್ದನೆಯ ಸರಪಳಿಗಳನ್ನು ಮೊದಲು ನೀರು ಮತ್ತು ಶಾಖ ತುಂಡರಿಸಬೇಕು. ಆಮೇಲಷ್ಟೇ ಸೂಕ್ಷ್ಮಜೀವಿಗಳು ಅದನ್ನು ತಿನ್ನಬಲ್ಲವು. ಸುಮಾರು 58 ಡಿಗ್ರಿಯ ರಾಶಿಯಲ್ಲಿ ಇದು ಬೇಗ ಆಗುತ್ತದೆ, ತಣ್ಣಗಿನ ಹಿತ್ತಲ ಗುಂಡಿಯಲ್ಲಿ ವರ್ಷಗಳೇ ಹಿಡಿಯಬಹುದು. ಬ್ಯಾಕ್ಟೀರಿಯಾಗಳು ತಮ್ಮ ಒಡಲಲ್ಲೇ ಕೂಡಿಟ್ಟುಕೊಳ್ಳುವ ಪಿಎಚ್‌ಎ ಎಂಬ ಪಾಲಿಯೆಸ್ಟರ್ ಹಾಗಲ್ಲ, ಅದು ಮಣ್ಣಿನಲ್ಲೂ ಸಮುದ್ರದಲ್ಲೂ ಕೊಳೆತುಹೋಗುತ್ತದೆ, ಆದರೆ ದುಬಾರಿ.

ಇನ್ನೊಂದು ಮಾತು. ‘ಸಸ್ಯಮೂಲ’ ಮತ್ತು ‘ಕೊಳೆಯುವ’ ಎಂಬವು ಒಂದೇ ಅಲ್ಲ. ಕಬ್ಬಿನಿಂದ ಮಾಡಿದ ಪಾಲಿಥಿನ್ ಸಸ್ಯಮೂಲದ್ದಾದರೂ ಕೊಳೆಯದು. ಪಿಬಿಎಟಿ ಎಂಬ ಪ್ಲಾಸ್ಟಿಕ್ ಸಾಮಾನ್ಯವಾಗಿ ಪೆಟ್ರೋಲಿಯಂ ಮೂಲದ್ದಾದರೂ ಕೊಳೆಯುತ್ತದೆ.

ಮರುಪ್ರಶ್ನೆ – ಹೊಸ ಉದ್ಯಮಿ

ಇಬ್ಬರಿಗೂ ಧನ್ಯವಾದಗಳು. ಕೈಗಾರಿಕಾ ಕಾಂಪೋಸ್ಟ್ ಘಟಕ ನಮ್ಮ ಗ್ರಾಹಕರ ಕೈಗೆಟುಕುವುದಿಲ್ಲ. ಹಾಗಾದರೆ ಸೂಪಿಗೆ ನಾರಿನ ತಿರುಳನ್ನು ಅಚ್ಚೊತ್ತಿ ಮಾಡಿದ ಬಟ್ಟಲುಗಳು ಸರಿಹೋಗಬಹುದೇ?

ಉತ್ತರ – ಪಾಲಿಮರ್ ಓದುಗ

ಬಿಸಿಯನ್ನು ಅವು ಚೆನ್ನಾಗಿ ತಾಳುತ್ತವೆ ಮತ್ತು ನಾರು ಹಿತ್ತಲ ಗುಂಡಿಯಲ್ಲೂ ಕೊಳೆಯುತ್ತದೆ. ಆದರೆ ಎಣ್ಣೆ ಮತ್ತು ನೀರು ಇಂಗದಿರಲೆಂದು ಕೆಲವು ತಯಾರಕರು ತಿರುಳಿಗೆ ಪಿಎಫ್‌ಎಎಸ್ ಎಂಬ ಫ್ಲೋರಿನ್ ಸಂಯುಕ್ತಗಳನ್ನು ಬೆರೆಸುತ್ತಾ ಬಂದಿದ್ದಾರೆ. ಬಟ್ಟಲು ಮಣ್ಣಾದರೂ ಅವು ನಾಶವಾಗದೆ ಗೊಬ್ಬರದಲ್ಲೇ ಉಳಿಯುತ್ತವೆ. ಆದ್ದರಿಂದ ಫ್ಲೋರಿನ್ ಬಳಸಿಲ್ಲವೆಂಬ ಪರೀಕ್ಷಾ ವರದಿಯನ್ನು ಲಿಖಿತವಾಗಿಯೇ ಕೇಳಿರಿ. ಅದು ಕೈಗೆ ಬಂದ ಮೇಲೆ ಹತ್ತು ಬಟ್ಟಲುಗಳಲ್ಲಿ ನಿಮ್ಮದೇ ಸೂಪು ತುಂಬಿ, ಮುಚ್ಚಿ, ಗ್ರಾಹಕರು ಅದನ್ನು ಇಟ್ಟುಕೊಳ್ಳುವಷ್ಟು ಹೊತ್ತು ಹಾಗೆಯೇ ಬಿಟ್ಟು, ತಳ ಒದ್ದೆಯಾಗುತ್ತದೆಯೇ ನೋಡಿ. ದೊಡ್ಡ ಆರ್ಡರ್ ಕೊಡುವುದು ಅದಾದ ನಂತರ.