ಟೈಪ್ 1 ಡಯಾಬಿಟಿಸ್ ಇಟ್ಕೊಂಡು 200 ಕಿ.ಮೀ. ಸೈಕಲ್: ಖೇಡ್ ಶಿವಾಪುರಕ್ಕೇ ಶುಗರ್ 58

ಹಾವೇರಿ ಹುಡುಗ, ಕೋಥ್ರೂಡ್, ಪುಣೆ:
ಎಲ್ಲರಿಗೂ ನಮಸ್ಕಾರ. ವಯಸ್ಸು 29, ಟೈಪ್ 1 (ಮೈಯಲ್ಲಿ ಇನ್ಸುಲಿನ್ ತಯಾರಾಗದ ಸಕ್ಕರೆ ಕಾಯಿಲೆ) ಬಂದು ಏಳು ವರ್ಷ ಆಯ್ತು. ರಾತ್ರಿ ಇಡೀ ದಿನಕ್ಕೆ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್ ಗ್ಲಾರ್ಜಿನ್ 18 ಯೂನಿಟ್, ಊಟಕ್ಕೆ ಮುಂಚೆ ಬೇಗ ಕೆಲಸ ಮಾಡುವ ಆಸ್ಪಾರ್ಟ್. ಇನ್ಸುಲಿನ್ ಪಂಪ್ ಇಲ್ಲ, ತೋಳಿಗೆ ಶುಗರ್ ತೋರಿಸುವ ಸೆನ್ಸರ್ ಇದೆ.

ಜನವರಿಯಲ್ಲಿ 200 ಕಿ.ಮೀ. ಬ್ರೆವೆ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಮಾಡಬೇಕೆಂಬ ಆಸೆ. ಹದಿಮೂರೂವರೆ ಗಂಟೆಯಲ್ಲಿ ಮುಗಿಸಬೇಕು. ಕಳೆದ ಭಾನುವಾರ ಖಂಬಾಟ್ಕಿ ಘಾಟ್ ನೋಡಿ ಬರೋಣ ಅಂತ ಹೊರಟೆ. ಬೆಳಗ್ಗೆ 5.30ಕ್ಕೆ ಒಂದು ದೊಡ್ಡ ತಟ್ಟೆ ಅವಲಕ್ಕಿ, ದಿನಾ ಹಾಕುವ 6 ಯೂನಿಟ್ ಆಸ್ಪಾರ್ಟ್. 6ಕ್ಕೆ ಬಿಟ್ಟಾಗ ಶುಗರ್ 142 ಇತ್ತು. ಕಾತ್ರಜ್ ಹಳೇ ಘಾಟ್ ಹತ್ತಿ ಇಳಿದು ಖೇಡ್ ಶಿವಾಪುರ ಮುಟ್ಟುವಷ್ಟರಲ್ಲಿ ಕೈ ನಡುಗತೊಡಗಿತು. ಸೆನ್ಸರ್‌ನಲ್ಲಿ 84, ಬೆರಳು ಚುಚ್ಚಿದರೆ 58. ಬಿಸ್ಕತ್ ತಿಂದು, ಕೂತು, ವಾಪಸ್ ಬಂದೆ. ಅದೇ ರಾತ್ರಿ 3 ಗಂಟೆಗೆ ಮತ್ತೆ 61. ಅಮ್ಮ ಗಾಬರಿಯಾಗಿ ಸೈಕಲ್ ಮಾರಿಬಿಡು ಅಂತಿದ್ದಾಳೆ. ನಮ್ಮ ಡಾಕ್ಟರು ವಾಕಿಂಗ್ ಸಾಕು ಅಂದುಬಿಟ್ಟರು. ಇಲ್ಲಿ ಯಾರಾದರೂ ಮಾಡಿದ್ದೀರಾ?

ಗದಗದ ಕಾಕಾ, ಚಿಂಚವಾಡ:
ತಮ್ಮಾ, ಸೈಕಲ್ ಮಾರಬೇಡ. ನನಗೆ 31 ವರ್ಷದಿಂದ ಟೈಪ್ 1. 200 ನಾಲ್ಕು ಸಲ, 300 ಒಂದು ಸಲ ಮುಗಿಸಿದ್ದೇನೆ.

ಎಡವಿದ್ದು ಆ 6 ಯೂನಿಟ್‌ನಲ್ಲಿ. 5.30ಕ್ಕೆ ಹಾಕಿದ ಆಸ್ಪಾರ್ಟ್ ಸರಿಯಾಗಿ ನೀನು ಕಾತ್ರಜ್ ಹತ್ತುವಾಗ ಜೋರಾಗಿರುತ್ತೆ. ತುಳಿಯುವ ಕಾಲು ಬೇರೆ ತನ್ನಷ್ಟಕ್ಕೆ ಸಕ್ಕರೆ ಎಳೆದುಕೊಳ್ಳುತ್ತೆ. ಬೇರೆಯವರ ಮೈಯಲ್ಲಿ ಪೆಡಲ್ ತುಳಿಯುತ್ತಿದ್ದಂತೆ ಇನ್ಸುಲಿನ್ ತಾನೇ ಇಳಿಯುತ್ತೆ. ನಾವು ಚುಚ್ಚಿದ್ದನ್ನು ವಾಪಸ್ ತೆಗೆಯೋಕೆ ಬರಲ್ಲ. ಹಾಗಾಗಿ ಹೊರಡುವ ಮುಂಚಿನ ತಿಂಡಿಗೆ ನಾನು ಅರ್ಧ ಡೋಸ್ ಮಾತ್ರ ಹಾಕೋದು, ಅದೂ ಹೊಟ್ಟೆಗೆ. ತೊಡೆಗೆ ಹಾಕಿದರೆ ತುಳಿಯುವಾಗ ಬೇಗ ಹೀರಿಕೊಳ್ಳುತ್ತೆ.

ಆಮೇಲೆ ತಿನ್ನುವ ವಿಷಯ. ಹಸಿವಾಗಲಿ ಅಂತ ಕಾಯಬೇಡ. ನನಗೆ ಗಂಟೆಗೆ 45 ಗ್ರಾಂ ಕಾರ್ಬ್ (ಸಕ್ಕರೆ-ಪಿಷ್ಟದ ಅಂಶ) ಬೇಕು. 20 ನಿಮಿಷಕ್ಕೊಮ್ಮೆ ಫೋನ್ ಬಡಿದುಕೊಳ್ಳುತ್ತೆ, ಒಂದು ತುತ್ತು ಬಾಯಿಗೆ. ಒಂದು ಬಾಳೆಹಣ್ಣು ಸುಮಾರು 25 ಗ್ರಾಂ. ಬಾಟಲಿಗೆ 40 ಗ್ರಾಂ ಗ್ಲೂಕೋಸ್ ಪುಡಿ, ಚಿಟಿಕೆ ಉಪ್ಪು. ದಾರಿ ಬದಿಯ ಕಬ್ಬಿನ ಹಾಲು ನನಗೂ ಇಷ್ಟ, ಆದರೆ ಲೆಕ್ಕಕ್ಕೆ ಸಿಗಲ್ಲ. ಶೇಂಗಾ ಚಿಕ್ಕಿ ದಾರಿ ತಿಂಡಿಗೆ ಸರಿ, ಶುಗರ್ ಬಿದ್ದಾಗ ಬೇಡ. ಅದರ ಎಣ್ಣೆ ಅಂಶ ಸಕ್ಕರೆಯನ್ನು ತಡ ಮಾಡಿಸುತ್ತೆ.

ಜರ್ಸಿಯ ನಡುವಿನ ಜೇಬಿನಲ್ಲಿ ಹಳೇ ಕ್ಯಾಮೆರಾ ರೀಲಿನ ಎರಡು ಡಬ್ಬಿ ಇಡುತ್ತೇನೆ. ಒಂದೊಂದರಲ್ಲೂ 15 ಗ್ರಾಂ ಗ್ಲೂಕೋಸ್. ನಡುಗುವ ಕೈಗೆ ಪ್ಲಾಸ್ಟಿಕ್ ಕವರ್ ಹರಿಯೋಕಾಗಲ್ಲ. ಹೆಬ್ಬೆರಳಿಂದ ಒತ್ತಿದರೆ ಈ ಮುಚ್ಚಳ ಟಪ್ ಅಂತ ಬರುತ್ತೆ. ಮನೆಯಲ್ಲಿ ಕಣ್ಣು ಮುಚ್ಚಿ ತೆಗೆದು ರೂಢಿ ಮಾಡಿಕೊಂಡಿದ್ದೇನೆ. ಒಂದು ಡಬ್ಬಿ ಬಾಯಿಗೆ ಸುರಿದು, ರಸ್ತೆ ಬದಿ ಕೂತು, 15 ನಿಮಿಷ ಬಿಟ್ಟು ಬೆರಳು ಚುಚ್ಚೋದು. ಶುಗರ್ ಬೀಳುವಾಗ ಸೆನ್ಸರ್ ಹಿಂದೆ ಉಳಿಯುತ್ತೆ. ನಿನ್ನ 84 ಅದೇ.

ರಾತ್ರಿಯ 61ಕ್ಕೂ ಕಾರಣ ಇದೆ. ಖಾಲಿಯಾದ ಸ್ನಾಯು ತನ್ನ ಸಕ್ಕರೆ ಉಗ್ರಾಣ ತುಂಬಿಕೊಳ್ಳುತ್ತಿರುತ್ತೆ. ಅವತ್ತು ರಾತ್ರಿ ನಾನು ಗ್ಲಾರ್ಜಿನ್ ಶೇ. 20 ಕಮ್ಮಿ ಮಾಡಿ, 2 ಗಂಟೆಗೆ ಅಲಾರಂ ಇಡುತ್ತೇನೆ. ಇವೆಲ್ಲ ನನ್ನ ಲೆಕ್ಕ. ನಿನ್ನದನ್ನು ಡಾಕ್ಟರ ಜೊತೆ ಕೂತು ಮಾಡು. ವಾಕಿಂಗ್ ಸಾಕು ಅನ್ನೋರಾದರೆ ಇನ್ನೊಬ್ಬರನ್ನು ನೋಡು, ಇದ್ದಾರೆ.

ಡೊಂಬಿವಲಿ ಅಕ್ಕ:
ನನ್ನ ಮಗಳಿಗೆ 17, ಟೈಪ್ 1, ಸೈಕಲ್ ರೇಸ್ ಹುಚ್ಚು. ಕಾಕಾ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ರೇಸ್ ದಿನ ಹೊರಡುವ ಮುಂಚೆ ಅವಳ ಶುಗರ್ ಸುಮ್ನೆ 240ಕ್ಕೆ ಏರುತ್ತೆ, ಬರೀ ಟೆನ್ಷನ್‌ಗೆ. ಮೊದಲ ಸಲ ಗಾಬರಿಯಾಗಿ ಪೂರ್ತಿ ಕರೆಕ್ಷನ್ (ಏರಿದ ಶುಗರ್ ಇಳಿಸುವ ಇನ್ಸುಲಿನ್) ಹಾಕಿಸಿದೆ. ಒಂದು ಗಂಟೆಯಲ್ಲಿ 63. ಅದು ನನ್ನ ತಪ್ಪು. ಈಗ ಕೀಟೋನ್ (ಇನ್ಸುಲಿನ್ ಸಾಲದಾಗ ರಕ್ತದಲ್ಲಿ ಏರುವ ಆಮ್ಲ) ನೋಡುತ್ತೇವೆ. ಇಲ್ಲದಿದ್ದರೆ ತುಳಿಯಲು ಬಿಡುತ್ತೇನೆ, ಇದ್ದರೆ ಸೈಕಲ್‌ನಿಂದ ಇಳಿಸಿಬಿಡುತ್ತೇನೆ.

ನಿಮ್ಮ ಅಮ್ಮನಿಗೆ ಕೆಲಸ ಕೊಡಿ ತಮ್ಮಾ. ಏನೂ ತಿಳಿಯದೆ ಮನೆಯಲ್ಲಿ ಕೂತರೆ ಭಯ ಜಾಸ್ತಿ, ಅನುಭವಿಸಿ ಹೇಳುತ್ತಿದ್ದೇನೆ. ಸೆನ್ಸರ್ ಅವರ ಫೋನಿಗೂ ಹಾಕಿಕೊಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಸಕ್ಕರೆ ನೀರು ಹಾಕಬಾರದು, ಶುಗರ್ ಏರಿಸುವ ಔಷಧಿ ಗ್ಲೂಕಗಾನ್ ಕೊಡಬೇಕು ಅನ್ನೋದು ಅವರಿಗೂ, ಜೊತೆಗೆ ಬರುವವರಿಗೂ ಗೊತ್ತಿರಲಿ. ಟೀಮ್ ನೊವೊ ನೊರ್ಡಿಸ್ಕ್ ಅನ್ನೋ ಸೈಕಲ್ ರೇಸ್ ತಂಡದ ವಿಡಿಯೊ ತೋರಿಸಿ. ಆ ತಂಡದ ಸವಾರರಿಗೆಲ್ಲ ಟೈಪ್ 1. ಇಟಲಿಯ ಮಿಲಾನ್–ಸಾನ್ ರೆಮೊ ರೇಸ್ ಓಡಿಸಿದ್ದಾರೆ, ಹತ್ತಿರ ಹತ್ತಿರ 300 ಕಿ.ಮೀ.

ಹಾವೇರಿ ಹುಡುಗ:
ಕಾಕಾ, ಅಕ್ಕಾ, ತುಂಬಾ ಥ್ಯಾಂಕ್ಸ್. ಬೇರೆ ಡಾಕ್ಟರನ್ನು ಕೇಳಿ ಇವತ್ತು 3 ಯೂನಿಟ್ ಹಾಕಿ ಹೊರಟೆ. ಬಿಡುವಾಗ 168, ಶಿರವಳದಲ್ಲಿ 131, ಮನೆಗೆ ಬಂದಾಗ 119. ಇವತ್ತು ರಾತ್ರಿ ಗ್ಲಾರ್ಜಿನ್ 18ರ ಬದಲು 15. ಅಮ್ಮ ತಕ್ಕಡಿ ಇಟ್ಟುಕೊಂಡು ಅವಲಕ್ಕಿ ತೂಗಿ ಕೊಟ್ಟಳು. ಮುಂದಿನ ವಾರ ಸಾಬೂದಾನಿ ಖಿಚಡಿ ಮಾಡಲಾ ಅಂತ ಕೇಳುತ್ತಿದ್ದಾಳೆ. ಅದಕ್ಕೆ ಹೇಗೆ ಲೆಕ್ಕ ಹಾಕೋದು ಕಾಕಾ?

ಗದಗದ ಕಾಕಾ:
ನೆನೆಸುವ ಮುಂಚೆ ಒಣ ಸಾಬೂದಾನಿ ತೂಗಲಿ. 100 ಗ್ರಾಂಗೆ ಕಾರ್ಬ್ ಹೆಚ್ಚುಕಮ್ಮಿ 88. ಆಲೂಗಡ್ಡೆ ಹಾಕಿದರೆ ಅದನ್ನೂ ಬೇರೆಯಾಗಿ ತೂಗಲಿ. ಬೆಳಗ್ಗೆ ಎದ್ದು 3 ಗಂಟೆಯ ಶುಗರ್ ಎಷ್ಟಿತ್ತು ಅಂತ ಇಲ್ಲೇ ಬರಿ, ಕಾಯುತ್ತಿರುತ್ತೇನೆ.