ತುರ್ತಾಗಿ ಪದ ಬೇಕು: ‘ಜೆಂಟ್ರಿಫಿಕೇಶನ್’

ಬೆಂಗಳೂರಿನಿಂದ:

ನಮಸ್ಕಾರ. ಹಳೆಯ ಮಿಲ್ ಕೇರಿಗಳ ಫೋಟೊ ಪ್ರದರ್ಶನವೊಂದಕ್ಕೆ ಗೋಡೆ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಹನ್ನೊಂದು ಗಂಟೆಗೆ ಫೈಲ್ ಪ್ರಿಂಟಿಗೆ ಹೋಗಬೇಕು. ಮೂರನೇ ಫಲಕದ ತಲೆಬರಹ ‘ಜೆಂಟ್ರಿಫಿಕೇಶನ್’, ಅಂದರೆ ಬಡವರ ಕೇರಿಗೆ ದುಡ್ಡಿದ್ದವರು ಬಂದು ಸೇರಿ, ಬಾಡಿಗೆ ಏರಿ, ಮೊದಲಿದ್ದವರು ಹೋಗಬೇಕಾಗುವುದು. ಅಲ್ಲಿ ಎರಡು, ಹೆಚ್ಚೆಂದರೆ ಮೂರು ಪದಕ್ಕೆ ಜಾಗ ಇದೆ.

ಕೆಳಗಿನ ಬರಹ ಮಲ್ಲೇಶ್ವರದ ಬಗ್ಗೆ. ರಾಜಾ ಮಿಲ್ ಇದ್ದ ಜಾಗದಲ್ಲಿ 2010ರಲ್ಲಿ ಮಾಲ್ ಬಂತು. 2014ರಲ್ಲಿ ಪಕ್ಕದಲ್ಲೇ ಸಂಪಿಗೆ ರಸ್ತೆ ಮೆಟ್ರೊ ನಿಲ್ದಾಣ ಶುರುವಾಯಿತು. ಫೋಟೊದಲ್ಲಿರುವುದು ಒಂದು ವಠಾರ. ಎದುರುಬದುರು ಬಾಗಿಲುಗಳು, ನಡುವೆ ಒಂದೇ ನಲ್ಲಿ, ಅದರ ಕೆಳಗೆ ಸಾಲಾಗಿ ಇಟ್ಟ ಪ್ಲಾಸ್ಟಿಕ್ ಕೊಡಗಳು. ಗೇಟಿನ ಮೇಲೆ ಆಗಲೇ ಪಿಜಿ ಬೋರ್ಡ್ ಹಾಕಿದ್ದಾರೆ.

ಹುಡುಕಿದಾಗ ಸಿಕ್ಕಿದ್ದು ‘ಕುಲೀನೀಕರಣ’ ಮತ್ತು ‘ಶ್ರೀಮಂತೀಕರಣ’. ಎರಡೂ ಒಪ್ಪಿಗೆಯಾಗುತ್ತಿಲ್ಲ. ದಯವಿಟ್ಟು ಇವತ್ತು ರಾತ್ರಿಯೊಳಗೆ ಹೇಳಿ.

ಮೈಸೂರಿನಿಂದ:

‘ಕುಲೀನೀಕರಣ’ ಬೇಡವೇ ಬೇಡ. ನಮ್ಮಲ್ಲಿ ಕುಲೀನ ಎಂದರೆ ಒಳ್ಳೆಯ ಕುಲದವನು. ಬಾಡಿಗೆ ಕಟ್ಟಲಾಗದೆ ಹೋದವರು ಕುಲಗೆಟ್ಟವರು ಎಂದ ಹಾಗಾಯಿತು. ‘ಶ್ರೀಮಂತೀಕರಣ’ವೂ ತಪ್ಪು. ಅಲ್ಲಿದ್ದವರೇ ಶ್ರೀಮಂತರಾದರು ಅನ್ನುವ ಅರ್ಥ ಬರುತ್ತದೆ. ಆಗಿದ್ದು ಅದರ ಉಲ್ಟಾ ಅಲ್ವಾ?

ಈ ಪದ ಹುಟ್ಟಿದ್ದು 1964ರಲ್ಲಿ. ರೂತ್ ಗ್ಲಾಸ್ ಎಂಬ ಸಮಾಜಶಾಸ್ತ್ರಜ್ಞೆ ಲಂಡನ್ನಿನ ಬಗ್ಗೆ ಬರೆಯುವಾಗ ಬಳಸಿದ್ದು. ಕೆಲಸಗಾರರ ಕೇರಿಗಳಿಗೆ ಮಧ್ಯಮ ವರ್ಗದವರು ಬಂದು ಸೇರುವುದನ್ನು, ಕೊನೆಗೆ ಕೇರಿಯ ಚಹರೆಯೇ ಬದಲಾಗುವುದನ್ನು ಆಕೆ ಹೇಳಿದ್ದು. ಮೇಲೆರಡು, ಕೆಳಗೆರಡು ಕೋಣೆಯ ಸಣ್ಣ ಮನೆಗಳು ಲೀಸ್ ಮುಗಿದ ಕೂಡಲೇ ಕೈಬದಲಾಗಿ ದುಬಾರಿ ಮನೆಗಳಾದವು ಎಂದು ಬರೆದಿದ್ದಾರೆ. ಲೀಸ್ ಮುಗಿಯುವುದನ್ನು ಗಮನಿಸಿ. ಬೆಂಗಳೂರಿನ ಭೋಗ್ಯದ ಮನೆಗಳ ಕಥೆಯೂ ಇದೇ.

ಧಾರವಾಡದಿಂದ:

‘ಈಕರಣ’ ಅಂಟಿಸಿದರೆ ಕನ್ನಡವಾಗುವುದಿಲ್ಲ. ಈ ಚಟ ಯಾವಾಗ ಬಿಡುತ್ತೇವೋ.

ನಮ್ಮಲ್ಲೇ ಪದ ಇದೆ: ಒಕ್ಕಲು. ಎಷ್ಟೋ ಕಡೆ ಗೃಹಪ್ರವೇಶಕ್ಕೆ ಇವತ್ತಿಗೂ ‘ಮನೆ ಒಕ್ಕಲು’ ಎನ್ನುತ್ತಾರೆ. ಹೊರಹಾಕುವುದಕ್ಕೆ ‘ಒಕ್ಕಲೆಬ್ಬಿಸು’. ಬರುವುದು, ಹೋಗುವುದು ಎರಡೂ ಒಂದೇ ಬೇರಿನಲ್ಲಿವೆ. ಉಳ್ಳವರು ಬಂದು ಒಕ್ಕಲಾಗುವುದು, ಇಲ್ಲದವರನ್ನು ಒಕ್ಕಲೆಬ್ಬಿಸುವುದು. ಸೇರಿಸಿ ‘ಉಳ್ಳೊಕ್ಕಲು’ ಎನ್ನಿ. ಮುಗಿಯಿತು.

ಮಂಗಳೂರಿನಿಂದ:

‘ಉಳ್ಳೊಕ್ಕಲು’ ಬಾಯಲ್ಲಿ ಹೊರಳುವುದಿಲ್ಲ, ಕಣ್ಣಿಗೂ ಹಿಡಿಸುವುದಿಲ್ಲ. ಒಕ್ಕಲು ಎಂದರೆ ಓದುವವರಿಗೆ ಮೊದಲು ನೆನಪಾಗುವುದು ರೈತ, ಆಮೇಲೆ ಒಕ್ಕಲಿಗ ಜಾತಿ. ಅದು ಕಣದಲ್ಲಿ ತೆನೆ ‘ಒಕ್ಕು’ವುದರಿಂದ ಬಂದ ಪದ. ಪೇಟೆಗೂ ಅದಕ್ಕೂ ಏನು ಸಂಬಂಧ? ಸುಮ್ನೆ ‘ಜೆಂಟ್ರಿಫಿಕೇಶನ್’ ಅಂತಲೇ ಕನ್ನಡ ಲಿಪಿಯಲ್ಲಿ ಹಾಕಿ. ಮೆಟ್ರೊ, ಮಾಲ್, ಪಿಜಿ ಎಲ್ಲ ಹಾಗೆಯೇ ಬಂದಿವೆ.

ಧಾರವಾಡದಿಂದ:

ಒಕ್ಕಣೆಯ ‘ಒಕ್ಕು’ ಬೇರೆ, ನೆಲೆಸುವ ‘ಒಕ್ಕಲು’ ಬೇರೆ. ಎರಡನ್ನೂ ಒಂದೇ ಬೇರಿಗೆ ಕಟ್ಟುವುದು ಹಳೆಯ ಊಹೆ, ನಾನು ಒಪ್ಪುವುದಿಲ್ಲ. ಮನೆಯೊಕ್ಕಲಿನಲ್ಲಿ ಯಾರೂ ರಾಗಿ ಒಕ್ಕುವುದಿಲ್ಲ.

ಮೆಟ್ರೊ ಎಂಬುದು ವಸ್ತು. ಕಣ್ಣೆದುರು ನಿಂತಿದೆ, ಹೆಸರು ಯಾವುದಾದರೂ ನಡೆಯುತ್ತದೆ. ಇದು ಹಾಗಲ್ಲ, ನಮ್ಮ ಜನಕ್ಕೆ ಆಗುತ್ತಿರುವ ಸಂಗತಿ. ಅನುಭವಿಸಿದವರೇ ಓದಲಾಗದ ಹೆಸರಿಟ್ಟರೆ ಆ ಫಲಕ ಯಾರಿಗೆ?

ಮಂಗಳೂರಿನಿಂದ:

ಹಾಗಾದರೆ ‘ಜನ’ವನ್ನೂ ಬಿಡಿ, ಅದು ಸಂಸ್ಕೃತ. ‘ಬಾಡಿಗೆ’ ಬಿಡಿ, ಅದು ‘ಭಾಟಕ’ದ ತದ್ಭವ. ‘ಮಾಲೀಕ’ ಅರಬ್ಬಿ. ‘ಜಾಗ’ ಪಾರಸಿಯಿಂದ ಬಂದಿದ್ದು. ಇವೆಲ್ಲ ತೆಗೆದರೆ ಬೆಂಗಳೂರಿನಲ್ಲಿ ಒಂದು ಮನೆ ಹುಡುಕಲು ಕನ್ನಡವೇ ಉಳಿಯುವುದಿಲ್ಲ. ಬಾಯಿಗೆ ಒಗ್ಗಿದ್ದೆಲ್ಲ ಕನ್ನಡ. ಇದು ನನ್ನ ಕಡೇ ಮಾತು.

ಬೆಂಗಳೂರಿನಿಂದ, ಇನ್ನೊಬ್ಬರು:

ಬೇರಿನ ಜಗಳ ಆಮೇಲೆ ಮಾಡೋಣ. ಹೆಸರಿಡುವ ಮೊದಲು ಸಂಗತಿ ಯಾವುದು ಎಂದು ತಿಳಿಯಬೇಕು. ‘ಒಕ್ಕಲೆಬ್ಬಿಸು’ ಒಂದನ್ನೇ ಇಟ್ಟರೆ ಬೇರೆಯದೇ ಚಿತ್ರ ಕಣ್ಣಿಗೆ ಬರುತ್ತದೆ. 2013ರ ಜನವರಿಯಲ್ಲಿ ಈಜಿಪುರದ ಬಡವರ ಕ್ವಾರ್ಟರ್ಸ್ ಕೆಡವಿದ್ದು ನೆನಪಿರಬಹುದು. ಅಲ್ಲಿ ಜೆಸಿಬಿ ಬಂತು, ಪೊಲೀಸರು ಬಂದರು, ಸಾವಿರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಿದ್ದವು. ಅದು ಒಕ್ಕಲೆಬ್ಬಿಸುವುದು. ಅದಕ್ಕೆ ಆ ಪದವೇ ಸರಿ.

ವಠಾರದಲ್ಲಿ ಜೆಸಿಬಿ ಬರುವುದು ಕೊನೆಯಲ್ಲಿ. ಮೊದಲು ಹತ್ತಿರದಲ್ಲಿ ಒಂದು ಕಾಫಿ ಅಂಗಡಿ ತೆರೆಯುತ್ತದೆ, ದರ್ಶಿನಿಯಲ್ಲ, ಎಸಿ ಇರುವುದು. ಪಕ್ಕದ ಸೈಟಿನ ರೇಟು ಮನೆಯೊಡೆಯನ ಕಿವಿಗೆ ಬೀಳುತ್ತದೆ. ಭೋಗ್ಯದ ಕರಾರು ಮುಗಿದಾಗ ಅವನು ದುಡ್ಡು ವಾಪಸ್ ಕೊಟ್ಟು ‘ಮಗಳ ಮದುವೆ, ಮನೆ ಬೇಕು’ ಎನ್ನುತ್ತಾನೆ. ಆ ದುಡ್ಡಿಗೆ ಅದೇ ಬೀದಿಯಲ್ಲಿ ಒಂದು ರೂಮೂ ಸಿಗುವುದಿಲ್ಲ. ಕಾನೂನಿನ ಆಸರೆಯೂ ಇಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಅನ್ವಯಿಸುವುದಿಲ್ಲ. ಇವತ್ತು ಮಲ್ಲೇಶ್ವರದಲ್ಲಿ ಅದರೊಳಗೆ ಯಾವ ಮನೆ ಇದೆ?

ಇನ್ನೊಂದು ಮಾತು. ಇಲ್ಲಿ ಗೆಲ್ಲುವವನು ಹೊರಗಿನಿಂದ ಬಂದ ಸಾಫ್ಟ್‌ವೇರ್ ಹುಡುಗನಲ್ಲ. ಅವನೂ ಪಿಜಿಯಲ್ಲಿ ಮಂಚಕ್ಕೆ ಬಾಡಿಗೆ ಕಟ್ಟುತ್ತಾನೆ. ಗೆಲ್ಲುವವನು ಜಾಗ ಇರುವವನು, ಎಷ್ಟೋ ಸಲ ಅದೇ ಕೇರಿಯವನೇ. ಹೊರಗಿನವರು ಬಂದು ಕೆಡಿಸಿದರು ಅನ್ನುವ ಅರ್ಥ ಕೊಡುವ ಪದ ದಯವಿಟ್ಟು ಬೇಡ. ಈ ಊರಿನಲ್ಲಿ ಅಂಥ ಮಾತು ಬೇಗ ಬೆಂಕಿ ಹಚ್ಚುತ್ತದೆ.

ವಠಾರದವರನ್ನು ಕೇಳಿ ನೋಡಿ. ಅವರಲ್ಲಿ ಒಂದೇ ಮಾತು: ‘ಖಾಲಿ ಮಾಡಿಸಿದರು’.

ಮೈಸೂರಿನಿಂದ:

ಒಪ್ಪಿದೆ. ‘ಉಳ್ಳೊಕ್ಕಲು’ ಎಂದು ಅಂಟಿಸುವುದು ಬೇಡ. ಬಿಡಿಸಿ ‘ಉಳ್ಳವರ ಒಕ್ಕಲು’ ಎಂದರೆ ಮೊದಲ ಸಲ ಓದುವವರಿಗೂ ತಿಳಿಯುತ್ತದೆ. ‘ಉಳ್ಳವರು’ ಎಂದರೆ ಜಾಗ ಉಳ್ಳವರೂ ಆಗಬಹುದು, ದುಡ್ಡು ಉಳ್ಳವರೂ ಆಗಬಹುದು. ಊರು ಯಾವುದು, ಭಾಷೆ ಯಾವುದು ಎಂಬ ಮಾತೇ ಬರುವುದಿಲ್ಲ.

ಧಾರವಾಡದಿಂದ:

ತಲೆಬರಹ ಸರಿ. ಬರಹದೊಳಗೆ ‘ಖಾಲಿ’ ಯಾಕೆ? ಅದೂ ಅರಬ್ಬಿ. ‘ಮನೆ ಬಿಟ್ಟರು’ ಎನ್ನಿ, ಅಚ್ಚ ಕನ್ನಡ.

ಬೆಂಗಳೂರಿನಿಂದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಲೆಬರಹ ‘ಉಳ್ಳವರ ಒಕ್ಕಲು’. ಇಂಗ್ಲಿಷ್ ಪದವನ್ನು ಕನ್ನಡ ಲಿಪಿಯಲ್ಲಿ ಒಂದು ಸಲ ಕೆಳಗೆ ಸಣ್ಣದಾಗಿ ಹಾಕುತ್ತೇನೆ, ಶಾಲೆ ಮಕ್ಕಳು ಹುಡುಕಿ ಓದಲು ಬೇಕಾಗುತ್ತದೆ.

‘ಮನೆ ಬಿಟ್ಟರು’ ಹಾಕಲಾರೆ, ಕ್ಷಮಿಸಿ. ಬಿಟ್ಟರು ಎಂದರೆ ತಾವಾಗಿ ಬಿಟ್ಟ ಹಾಗೆ. ಇವರು ತಾವಾಗಿ ಬಿಡಲಿಲ್ಲ. ‘ಖಾಲಿ ಮಾಡಿಸಿದರು’ ಹಾಗೆಯೇ ಇರುತ್ತದೆ. ಫೈಲ್ ಈಗಲೇ ಕಳಿಸುತ್ತಿದ್ದೇನೆ.